ಒಂಟಿ ಗಂಟಲು, ಯಂತ್ರದ ಹಿಮ್ಮೇಳ

ಸಂಗೀತದ ಬಗ್ಗೆ ಬರೆಯುವವರು ಮುಂದೆ ನಿಂತು ಹಾಡುವವರ ಬಗ್ಗೆ ಪುಟಗಟ್ಟಲೆ ಬರೀತಾರೆ. ಹಿಂದೆ ನಿಂತು ದನಿ ಕೂಡಿಸುವವರ ಬಗ್ಗೆ ಒಂದು ಸಾಲು ಬರೆಯುವುದೂ ಅಪರೂಪ. ಹಾಡು ಮುಗಿದ ಮೇಲೆ ಹಾರ ಬೀಳುವುದು ಒಂದೇ ಕೊರಳಿಗೆ. ಮಿಕ್ಕವರು ಮೈಕಿನ ವೈರು ಸುತ್ತಿಕೊಂಡು ಮನೆಗೆ ಹೋಗ್ತಾರೆ. ಈ ಹಿಮ್ಮೇಳದವರ ಕೆಲಸವನ್ನೇ ಮಾಡುವ ಯಂತ್ರವೊಂದು ಬಂದು ಈಗಾಗಲೇ ಬಹಳ ವರ್ಷಗಳಾಗಿವೆ. ಕಾಲ ಬಳಿ ಇಟ್ಟುಕೊಳ್ಳುವ ಒಂದು ಪೆಟ್ಟಿಗೆ. ಹಾಡುವವನು ಅದರ ಗುಂಡಿಯನ್ನು ಪಾದದಿಂದ ಒತ್ತಿದರೆ ಅವನ ಒಂದು ದನಿ ಎರಡಾಗುತ್ತದೆ, ಮೂರಾಗುತ್ತದೆ, ನಾಲ್ಕಾಗುತ್ತದೆ. ಇದಕ್ಕೆ ಹಾರ್ಮೊನೈಸರ್ ಅಂತ ಹೆಸರು. ವೇದಿಕೆಯ ಮೇಲೆ ಒಬ್ಬನೇ ನಿಂತವನು ಒಂದು ಮೇಳವಾಗಿಬಿಡುತ್ತಾನೆ.

ಇದರ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಶುದ್ಧ ಸಂಗೀತದ ಭಕ್ತರು ಇದನ್ನು ಮೋಸ ಅಂತಾರೆ. ಗಂಟಲು ಪವಿತ್ರ, ಯಂತ್ರ ಮೈಲಿಗೆ ಎನ್ನುವ ಈ ಧಾಟಿ ನಮಗೆ ಬೇರೆ ಕಡೆಯಿಂದಲೂ ಚೆನ್ನಾಗಿ ಪರಿಚಯವಿರುವ ಧಾಟಿಯೇ. ಅದಕ್ಕೆ ನಾವು ಉತ್ತರ ಕೊಡುವ ಅಗತ್ಯವಿಲ್ಲ. ಇವರೇ ಮೈಕು ಹಿಡಿದು ಹಾಡುತ್ತಾರಲ್ಲ, ಮೈಕೂ ಯಂತ್ರವೇ ತಾನೇ? ಇನ್ನೊಂದು ಗುಂಪು, ಯಂತ್ರ ಬರೀ ಉಪಕರಣ, ಅದರಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಏನೂ ಇಲ್ಲ ಎನ್ನುತ್ತದೆ. ಇದೂ ತಪ್ಪಿಸಿಕೊಳ್ಳುವ ಮಾತು. ಒಂದು ಉಪಕರಣ ಯಾರ ಕೆಲಸ ಮಾಡುತ್ತದೆ, ಯಾರನ್ನು ಮರೆಮಾಡುತ್ತದೆ, ಯಾರ ಕೂಲಿ ಉಳಿಸುತ್ತದೆ ಅಂತ ಕೇಳದೆ ಅದನ್ನು ಬರೀ ಉಪಕರಣ ಎನ್ನಲು ಬರುವುದಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಒಬ್ಬನ ಮಾತು ನಾಲ್ಕು ದನಿಯಲ್ಲಿ ಕೇಳಿಸಿದರೆ ಅದು ನಾಲ್ವರ ಮಾತಾಗುತ್ತದೆಯೇ?

ಬೆರಗಾಗಿ ಬಾಯಿ ಬಿಡುವ ಮೊದಲು ಯಂತ್ರದ ಕೆಲಸ ತಿಳಿಯೋಣ. ಮೈಕಿನಿಂದ ಬಂದ ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತಿದೆ ಎಂದು ಅದು ಮೊದಲು ಅಳೆಯುತ್ತದೆ. 220 ಸಲ ಕಂಪಿಸುವ ಸ್ವರವನ್ನು ಷಡ್ಜ ಎಂದುಕೊಂಡರೆ, ಅದನ್ನು 330 ಮಾಡಿದಾಗ ಪಂಚಮ, 440 ಮಾಡಿದಾಗ ಮೇಲಿನ ಷಡ್ಜ. ಹಳೆಯ ಟೇಪನ್ನು ಜೋರಾಗಿ ಓಡಿಸಿದರೂ ದನಿ ಏರುತ್ತದೆ, ಆದರೆ ಹಾಡು ಬೇಗ ಮುಗಿದುಹೋಗುತ್ತದೆ, ದನಿ ಇಲಿ ಕೀಚಿದ ಹಾಗಾಗುತ್ತದೆ. ಹಾರ್ಮೊನೈಸರು ಹಾಡಿನ ವೇಗ ಕೆಡಿಸದೆ ಸ್ವರವನ್ನು ಮಾತ್ರ ಏರಿಸಬೇಕು, ಇಳಿಸಬೇಕು. ಒಳ್ಳೆಯ ಯಂತ್ರಗಳು ಬಾಯಿ, ಗಂಟಲಿನ ಆಕಾರದಿಂದ ದನಿಗೆ ಬರುವ ಗುಣವನ್ನು ಬೇರೆಯಾಗಿ ಕಾಪಾಡಿಕೊಂಡು ಸ್ವರವನ್ನು ಸರಿಸುತ್ತವೆ. ಹಾಗಾಗಿ ಏರಿಸಿದ ದನಿಯೂ ಮನುಷ್ಯರ ದನಿಯಂತೆಯೇ ಕೇಳುತ್ತದೆ.

ಇನ್ನೊಂದು ತೊಡಕಿದೆ. ಶಂಕರಾಭರಣದ ಸ್ವರಗಳನ್ನೇ ತೆಗೆದುಕೊಳ್ಳಿ. ಷಡ್ಜದಿಂದ ಗಾಂಧಾರಕ್ಕೆ ನಾಲ್ಕು ಅರೆಸ್ವರಗಳ ದೂರ. ರಿಷಭದಿಂದ ಮಧ್ಯಮಕ್ಕೆ ಮೂರೇ ಅರೆಸ್ವರ. ಹಾಡುವವನು ಸ ಎಂದಾಗ ಮೇಲೊಂದು ಗ, ರಿ ಎಂದಾಗ ಮೇಲೊಂದು ಮ ಕೂಡಿಸಬೇಕಾದರೆ ಯಂತ್ರ ಒಮ್ಮೆ ನಾಲ್ಕು ಮೆಟ್ಟಿಲು, ಒಮ್ಮೆ ಮೂರು ಮೆಟ್ಟಿಲು ಹತ್ತಬೇಕು. ಎಲ್ಲಿ ನಾಲ್ಕು, ಎಲ್ಲಿ ಮೂರು ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಯಾವ ಶ್ರುತಿ, ಯಾವ ಸ್ವರಮಾಲೆ ಅಂತ ಮೊದಲೇ ಹೇಳಿಡಬೇಕು. ಇಲ್ಲವೇ ಗಿಟಾರಿನಲ್ಲೋ ಕೀಬೋರ್ಡಿನಲ್ಲೋ ಸ್ವರಗಳನ್ನು ಒತ್ತಿ ತೋರಿಸುತ್ತಿರಬೇಕು. ಸ, ಶ ಎಂಬ ಅಕ್ಷರಗಳ ಸೀಳುಸದ್ದಿನಲ್ಲಿ ಸ್ವರವೇ ಇಲ್ಲ, ಅಲ್ಲಿ ಯಂತ್ರ ತಡವರಿಸುತ್ತದೆ. ಪಕ್ಕದಲ್ಲಿ ತಮಟೆ ಬಾರಿಸಿದರೆ ಅದರ ಸದ್ದೂ ಮೈಕಿಗೆ ನುಗ್ಗಿ ಲೆಕ್ಕ ಕೆಡುತ್ತದೆ. ಒಟ್ಟಿನಲ್ಲಿ ಯಂತ್ರಕ್ಕೆ ಹಾಡು ಗೊತ್ತಿಲ್ಲ, ಅಪ್ಪಣೆ ಗೊತ್ತು.

ಈ ಕಥೆ ಪೆಟ್ಟಿಗೆಗಿಂತ ಹಳೆಯದು. 1951ರಲ್ಲಿ ಅಮೆರಿಕದಲ್ಲಿ ಲೆಸ್ ಪಾಲ್ ಮತ್ತು ಮೇರಿ ಫೋರ್ಡ್ ಎಂಬ ದಂಪತಿಗಳ 'ಹೌ ಹೈ ದ ಮೂನ್' ಹಾಡು ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಮೇರಿ ಫೋರ್ಡ್ ಒಬ್ಬಳೇ ಹಲವು ದನಿಯಾಗಿದ್ದಳು. ಟೇಪಿನ ಮೇಲೆ ಒಂದು ದನಿ, ಅದನ್ನು ಕೇಳುತ್ತ ಅದರ ಜೊತೆಗೆ ಇನ್ನೊಂದು ದನಿ, ಹೀಗೆ ಪದರ ಪದರವಾಗಿ ಕಟ್ಟಿದ ಹಾಡು. ಮನೆಯಲ್ಲಿ ರೇಡಿಯೊ ಕೇಳಿದ ಜನ ಟಿಕೆಟು ತೆಗೆದುಕೊಂಡು ಬಂದರು. ವೇದಿಕೆಯ ಮೇಲೆ ಇದ್ದದ್ದು ಒಬ್ಬಳೇ ಮೇರಿ. ಮಿಕ್ಕ ದನಿಗಳನ್ನು ಎಲ್ಲಿಂದ ತರೋದು?

ಲೆಸ್ ಪಾಲ್ ಮುಂದೆ ತಾವೇ ಹೇಳಿಕೊಂಡ ಸಂಗತಿ ಇದು. ಮೇರಿಯ ಒಡಹುಟ್ಟಿದವಳನ್ನು ಜನಕ್ಕೆ ಕಾಣದ ಕಡೆ ಮೈಕು ಕೊಟ್ಟು ನಿಲ್ಲಿಸಿದ್ದರು. ಮುಂದೆ ಮೇರಿ ಏನು ಮಾಡಿದರೆ ಹಿಂದೆ ಇವಳೂ ಅದನ್ನೇ ಮಾಡಬೇಕು. ಮೇರಿ ಮೂಗು ಸೊರಗುಟ್ಟಿದರೆ ಇವಳೂ ಸೊರಗುಟ್ಟಬೇಕು. ಜನ ದಂಗಾಗಿಹೋದರು. ಇದು ಯಾವ ಯಂತ್ರವೋ ಅಂತ ತಲೆ ಕೆಡಿಸಿಕೊಂಡರು. ಯಂತ್ರ ಅಂತ ಅಲ್ಲಿ ಇರಲೇ ಇಲ್ಲ. ಒಬ್ಬ ಹೆಂಗಸಿದ್ದಳು. ಗಿಟಾರಿಗೆ ಪೆಟ್ಟಿಗೆ ಸಿಕ್ಕಿಸಿ ಟೇಪಿನಿಂದ ದನಿ ತರಿಸುವ ಏರ್ಪಾಡು ಬಂದದ್ದು ಆಮೇಲೆ.

ನಮ್ಮ ವಿಮರ್ಶೆ ಇಲ್ಲಿಂದ ಹೊರಡುತ್ತದೆ. ಯಂತ್ರ ಮನುಷ್ಯರ ಜಾಗ ಕಿತ್ತುಕೊಂಡಿತು ಅಂತ ಗೋಳಾಡುವವರು ಇದನ್ನು ಗಮನಿಸಬೇಕು. ಯಂತ್ರ ಬರುವ ಮೊದಲೇ ಮನುಷ್ಯರನ್ನು ಯಂತ್ರದ ಹಾಗೆ ಬಳಸುವ ಪದ್ಧತಿ ಇತ್ತು. ದನಿ ಬೇಕು, ಮುಖ ಬೇಡ. ಕೆಲಸ ಬೇಕು, ಹೆಸರು ಬೇಡ. ಪೆಟ್ಟಿಗೆಯನ್ನು ಕಂಡುಹಿಡಿದವರು ಆ ಪದ್ಧತಿಗೆ ಒಂದು ಆಕಾರ ಕೊಟ್ಟರು, ಅಷ್ಟೇ.

ಇದಕ್ಕೆ ಸಾಕ್ಷಿ ಬೇಕಾದರೆ 1962ರ ಒಂದು ಹಾಡನ್ನು ನೋಡಿ. ಹೆಸರು 'ಹೀಸ್ ಎ ರೆಬೆಲ್'. ಅವನೊಬ್ಬ ಬಂಡಾಯಗಾರ ಅಂತ ಅರ್ಥ. ಹಾಡಿದವಳು ಡಾರ್ಲೀನ್ ಲವ್ ಎಂಬ ಕರಿಯ ಹೆಣ್ಣುಮಗಳು, ಜೊತೆಗೆ ಬ್ಲಾಸಮ್ಸ್ ಎಂಬ ಅವಳ ಹಿಮ್ಮೇಳದ ಗುಂಪು. ನಿರ್ಮಾಪಕ ಫಿಲ್ ಸ್ಪೆಕ್ಟರ್ ತಟ್ಟೆಯ ಮೇಲೆ ಅಚ್ಚು ಹಾಕಿಸಿದ್ದು ಕ್ರಿಸ್ಟಲ್ಸ್ ಎಂಬ ಬೇರೊಂದು ಗುಂಪಿನ ಹೆಸರನ್ನು. ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹಾಡಿದವರ ಹೆಸರು ಎಲ್ಲೂ ಇರಲಿಲ್ಲ. ಹಾಡದೇ ಇದ್ದ ಕ್ರಿಸ್ಟಲ್ಸ್ ಹುಡುಗಿಯರು ಆ ಹಾಡನ್ನು ಕಲಿತು ವೇದಿಕೆಯ ಮೇಲೆ ಹಾಡಬೇಕಾಯಿತು. ಎರಡು ಗುಂಪಿನ ಕರಿಯ ಹೆಣ್ಣುಮಕ್ಕಳನ್ನು ಒಬ್ಬ ನಿರ್ಮಾಪಕ ಚದುರಂಗದ ಕಾಯಿಯಂತೆ ಆಡಿಸಿದ. 1969ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಗಿಮ್ಮಿ ಶೆಲ್ಟರ್' ಹಾಡಿಗೆ ಮೆರ್ರಿ ಕ್ಲೇಟನ್ ಎಂಬಾಕೆಯನ್ನು ನಡುರಾತ್ರಿ ಮನೆಯಿಂದ ಕರೆಸಿದರು. ಆಕೆ ಆಗ ಗರ್ಭಿಣಿ. ಆ ಹಾಡಿನಲ್ಲಿ ಎದೆ ಸೀಳುವ ದನಿ ಯಾವುದು ಅಂತ ಕೇಳಿದರೆ ಅದು ಆಕೆಯದೇ. ಇಂಥವರ ಬದುಕಿನ ಮೇಲೆ '20 ಫೀಟ್ ಫ್ರಮ್ ಸ್ಟಾರ್ಡಮ್' ಎಂಬ ಸಾಕ್ಷ್ಯಚಿತ್ರ ಬಂದದ್ದು 2013ರಲ್ಲಿ. ಹಿಮ್ಮೇಳದ ಮೈಕಿಗೂ ಮುಂದಿನ ಮೈಕಿಗೂ ನಡುವೆ ಇಪ್ಪತ್ತು ಅಡಿ. ಆ ಇಪ್ಪತ್ತು ಅಡಿ ದಾಟಲು ಹಲವರಿಗೆ ಇಡೀ ಆಯುಸ್ಸು ಸಾಲಲಿಲ್ಲ.

ಇನ್ನು ಪೆಟ್ಟಿಗೆಯ ಮಾತು. ನ್ಯೂಯಾರ್ಕಿನ ಈವೆಂಟೈಡ್ ಕಂಪನಿ 1975ರಲ್ಲಿ ಎಚ್ 910 ಎಂಬ ಹಾರ್ಮೊನೈಸರನ್ನು ಮಾರುಕಟ್ಟೆಗೆ ತಂದಿತು. ಅದರ ಮೊದಲ ಗಿರಾಕಿ ಹಾಡುಗಾರನಲ್ಲ, ಒಂದು ಟೆಲಿವಿಷನ್ ಕೇಂದ್ರ. ಹಳೆಯ ಹಾಸ್ಯ ಧಾರಾವಾಹಿಯನ್ನು ಸ್ವಲ್ಪ ಜೋರಾಗಿ ಓಡಿಸಿ, ಉಳಿದ ವೇಳೆಯಲ್ಲಿ ಜಾಹೀರಾತು ತುರುಕುವುದು ಅವರ ಉಪಾಯ. ಓಟಕ್ಕೆ ಕೀಚಲಾದ ದನಿಯನ್ನು ಇಳಿಸಿ ಸರಿಮಾಡಲು ಈ ಪೆಟ್ಟಿಗೆ. ಬಂಡವಾಳ ಯಂತ್ರವನ್ನು ಮೊದಲು ಯಾಕೆ ಕೊಳ್ಳುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ. ಆದರೆ ಯಂತ್ರದ ಹುಟ್ಟು ನೋಡಿ ಅದರ ಹಣೆಬರಹ ಬರೆಯುವುದು ನಮ್ಮ ಕೆಲಸವಲ್ಲ. ಹುಟ್ಟಿನಿಂದ ಅಳೆಯುವ ಚಾಳಿಯ ವಿರುದ್ಧವೇ ಅಲ್ಲವೇ ನಾವು ಇಷ್ಟು ವರ್ಷ ಬರೆದದ್ದು? ಕಲಾವಿದರ ಕೈಗೆ ಬಂದ ಮೇಲೆ ಅದು ಏನಾಯಿತು ಎಂಬುದನ್ನು ನೋಡಬೇಕು. ಮೂವರ ಕೆಲಸವನ್ನು ನೋಡೋಣ.

ಮೊದಲನೆಯವಳು ಲಾರಿ ಆಂಡರ್ಸನ್. 1981ರಲ್ಲಿ ಬಂದ ಆಕೆಯ 'ಓ ಸೂಪರ್‌ಮ್ಯಾನ್' ಎಂಟು ನಿಮಿಷಕ್ಕೂ ಮೀರಿದ ಹಾಡು. ಹಾರ್ಮೊನೈಸರಿನಲ್ಲಿ ಹಿಡಿದಿಟ್ಟ 'ಹ' ಎಂಬ ಒಂದೇ ಅಕ್ಷರ ಏದುಸಿರಿನಂತೆ ಹಾಡಿನುದ್ದಕ್ಕೂ ಬಡಿಯುತ್ತಿರುತ್ತದೆ. ಅದರ ಮೇಲೆ ವೊಕೋಡರ್ ಎಂಬ ಇನ್ನೊಂದು ಯಂತ್ರದಿಂದ ಹಲವಾದ ಆಕೆಯದೇ ದನಿ. ಈ ವೊಕೋಡರ್ ಬೆಲ್ ಲ್ಯಾಬ್ಸಿನಲ್ಲಿ ಹೋಮರ್ ಡಡ್ಲಿ 1930ರ ದಶಕದಲ್ಲಿ ರೂಪಿಸಿದ್ದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ, ಬ್ರಿಟನ್ನಿನ ನಾಯಕರ ಗುಟ್ಟಿನ ಟೆಲಿಫೋನ್ ಮಾತಿಗೆ ಬಳಕೆಯಾದದ್ದು. ಹಾಡಿಗೆ ಹಿನ್ನೆಲೆ 1980ರ ಏಪ್ರಿಲ್ ತಿಂಗಳ ಘಟನೆ. ಇರಾನಿನಲ್ಲಿ ಒತ್ತೆಯಾಳುಗಳಾಗಿದ್ದವರನ್ನು ಬಿಡಿಸಲು ಹೋದ ಅಮೆರಿಕದ ಹೆಲಿಕಾಪ್ಟರುಗಳು ಮರುಭೂಮಿಯಲ್ಲಿ ಕೆಟ್ಟು, ಅವುಗಳಲ್ಲೊಂದು ವಿಮಾನಕ್ಕೆ ಡಿಕ್ಕಿ ಹೊಡೆದು, ಎಂಟು ಸೈನಿಕರು ಸತ್ತರು. ತನ್ನ ಯಂತ್ರಗಳನ್ನು ದೇವರೆಂದು ನಂಬಿದ್ದ ದೇಶ ಯಂತ್ರ ಕೆಟ್ಟು ಸೋತಿತ್ತು.

ಈ ಹಾಡಿನಲ್ಲಿ ತಾಯಿ ಮಾತಾಡುತ್ತಾಳೆ, ಟೆಲಿಫೋನಿನ ಉತ್ತರ ಹೇಳುವ ಯಂತ್ರ ಮಾತಾಡುತ್ತದೆ, ಪ್ರಭುತ್ವ ಮಾತಾಡುತ್ತದೆ. ಎಲ್ಲಕ್ಕೂ ಅದೇ ಬಹುದನಿ. ಯಾವುದು ಮಮತೆ, ಯಾವುದು ಅಪ್ಪಣೆ ಅಂತ ಕೇಳುಗನಿಗೆ ತಿಳಿಯದೇ ಹೋಗುತ್ತದೆ. ಪ್ರಭುತ್ವ ಮಾತಾಡುವುದೇ ಹೀಗಲ್ಲವೇ? ಒಬ್ಬನ ನಿರ್ಧಾರವನ್ನು ದೇಶದ ದನಿ ಅಂತ ಹೇಳುತ್ತದೆ. ಆಂಡರ್ಸನ್ ಯಂತ್ರದ ಸುಳ್ಳನ್ನು ಮುಚ್ಚುವುದಿಲ್ಲ, ಅದನ್ನೇ ಎತ್ತಿ ತೋರಿಸುತ್ತಾಳೆ. ವೇದಿಕೆಯ ಮೇಲೆ ಆಕೆ ತನ್ನ ದನಿಯನ್ನು ಗಂಡಸಿನ ದನಿಯಷ್ಟು ಇಳಿಸಿ ಮಾತಾಡುವುದೂ ಉಂಟು. ಅದನ್ನು ಆಕೆಯೇ ಅಧಿಕಾರದ ದನಿ ಎಂದು ಕರೆದಳು. ಅಧಿಕಾರ ಅನ್ನೋದು ಗುಂಡಿ ಒತ್ತಿ ಇಳಿಸಿದ ಸ್ವರ ಅಂತ ಜನರ ಮುಂದೆಯೇ ಮಾಡಿ ತೋರಿಸುವುದು ಸಣ್ಣ ಕೆಲಸವಲ್ಲ. ಈ ಹಾಡು ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೇರಿತು. ಜನಕ್ಕೆ ಅರ್ಥವಾಗುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡುವ ಪಂಡಿತರು ಇದನ್ನು ನೆನಪಿಡಲಿ.

ಎರಡನೆಯವಳು ಇಂಗ್ಲೆಂಡಿನ ಇಮೊಜೆನ್ ಹೀಪ್. 2005ರ 'ಹೈಡ್ ಅಂಡ್ ಸೀಕ್' ಹಾಡಿನಲ್ಲಿ ಹಾಡಿಗೆ ಬೇರೆ ಪಕ್ಕವಾದ್ಯವಿಲ್ಲ. ಕಂಪ್ಯೂಟರ್ ಕೆಟ್ಟುಹೋದ ಒಂದು ದಿನ ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸಾಗದೆ, ಕೈಗೆ ಸಿಕ್ಕ ಡಿಜಿಟೆಕ್ ಕಂಪನಿಯ ಹಾರ್ಮೊನೈಸರಿಗೆ ಮೈಕು ಸಿಕ್ಕಿಸಿ ಹಾಡಿದ್ದೆಂದು ಆಕೆ ಹೇಳಿದ್ದಾಳೆ. ಬಾಯಿ ಹಾಡುತ್ತದೆ, ಬೆರಳು ಕೀಬೋರ್ಡಿನ ಮೇಲೆ ಇತರ ದನಿಗಳು ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ.

ಈ ಹಾಡನ್ನು ಕೇಳುವಾಗ ದನಿಗಳಿಗಿಂತ ಹೆಚ್ಚಾಗಿ ನಡುವಿನ ಮೌನಗಳನ್ನು ಕೇಳಬೇಕು. ನಿಜವಾದ ಹಿಮ್ಮೇಳದಲ್ಲಿ ಒಬ್ಬರು ಉಸಿರು ತೆಗೆದುಕೊಂಡರೆ ಇನ್ನೊಬ್ಬರು ಸ್ವರ ಹಿಡಿದಿರುತ್ತಾರೆ. ಇಲ್ಲಿ ಆಕೆ ಉಸಿರಿಗಾಗಿ ನಿಂತ ಗಳಿಗೆ ಇಡೀ ಮೇಳವೇ ಸತ್ತುಹೋಗುತ್ತದೆ. ಜೊತೆಗೆ ಯಾರೂ ಇಲ್ಲ ಎಂಬುದು ಆಗ ತಿಳಿಯುತ್ತದೆ. ಮತ್ತೆ ಹಾಡಿದಾಗ ಮತ್ತೆ ಗುಂಪು, ಮತ್ತೆ ನಿಂತಾಗ ಮತ್ತೆ ಬಯಲು. ಕುಸಿದುಹೋದ ಸಂಬಂಧವೊಂದರ ಹಾಡಿಗೆ ಇದಕ್ಕಿಂತ ತಕ್ಕ ರೂಪ ಬೇಕೇ? ಯಂತ್ರದ ಕೊರತೆಯೇ ಇಲ್ಲಿ ಹಾಡಿನ ಅರ್ಥವಾಗಿದೆ. 2009ರಲ್ಲಿ ಇದೇ ತುಣುಕನ್ನು ಜೇಸನ್ ಡೆರುಲೊ ಎಂಬಾತ ತನ್ನ ಹಾಡಿನಲ್ಲಿ ಬಳಸಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದ. ಅಲ್ಲಿ ಹಿಂದೆ ತಾಳ ಬಡಿಯುತ್ತಿರುತ್ತದೆ, ಮೌನಕ್ಕೆ ಜಾಗವಿಲ್ಲ. ದನಿ ಅದೇ, ನೋವು ಮಾತ್ರ ಒಡವೆಯಾಗಿಬಿಟ್ಟಿದೆ.

ಮೂರನೆಯವನು ಲಂಡನ್ನಿನ ಜೇಕಬ್ ಕಾಲಿಯರ್. 2015ರಲ್ಲಿ ಈತ ಒಬ್ಬನೇ ನಡೆಸುವ ಕಾರ್ಯಕ್ರಮ ಶುರುಮಾಡಿದಾಗ ಅಮೆರಿಕದ ಎಂ.ಐ.ಟಿ.ಯ ಬೆನ್ ಬ್ಲೂಮ್‌ಬರ್ಗ್ ಈತನಿಗಾಗಿಯೇ ಒಂದು ಹಾರ್ಮೊನೈಸರ್ ಕಟ್ಟಿಕೊಟ್ಟ. ಬೆರಳು ಎಷ್ಟು ಮನೆ ಒತ್ತಿದರೆ ಅಷ್ಟು ದನಿ. ಈ ಹುಡುಗನ ವಿದ್ಯೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಆ ಯಂತ್ರದ ಪ್ರಯೋಗಗಳಲ್ಲಿ ಸ್ವರಗಳ ಸಿರಿವಂತಿಕೆ ಎಷ್ಟೋ ಸಲ ಪ್ರದರ್ಶನವೇ ಆಗಿಬಿಡುತ್ತದೆ. ನೋಡಿ ನನ್ನಲ್ಲಿ ಎಷ್ಟು ಜನರಿದ್ದಾರೆ ಎಂಬಂತೆ. ಅಲ್ಲಿ ಎಲ್ಲರೂ ಅವನೇ. ಎಲ್ಲರೂ ಅವನನ್ನು ಒಪ್ಪುವವರೇ.

ಆದರೆ ಈತನೇ ಮುಂದೆ ಮಾಡಿದ್ದು ನಮಗೆ ಹೆಚ್ಚು ಮುಖ್ಯ. ಅತ್ಯುತ್ತಮ ಯಂತ್ರ ಕೈಯಲ್ಲಿದ್ದವನು ಸಭಿಕರ ಕಡೆ ತಿರುಗಿದ. ಸಭೆಯನ್ನು ಮೂರು ಪಾಲು ಮಾಡಿ, ಕೈ ಎತ್ತಿದರೆ ಸ್ವರ ಏರಿಸಿ, ಇಳಿಸಿದರೆ ಇಳಿಸಿ ಎಂದು ಹೇಳಿ, ಸಂಗೀತ ಕಲಿಯದ ಸಾವಿರಾರು ಜನರಿಂದ ಮೂರು ದನಿಯ ಹಾಡು ತೆಗೆಸಿದ. ಊರೂರಿನ ಆ ದನಿಗಳನ್ನು ಧ್ವನಿಮುದ್ರಿಸಿ 2024ರ 'ಜೆಸ್ಸಿ ವಾಲ್ಯೂಮ್ 4' ಆಲ್ಬಮ್ಮಿನಲ್ಲಿ ಬಳಸಿದ. ಅಲ್ಲಿಯೂ ಕೈ ಒಬ್ಬನದೇ, ಅದನ್ನು ನಾವು ಮರೆತಿಲ್ಲ. ಆದರೂ ಆ ಸಭೆ ತಪ್ಪಬಹುದು, ತಡವಾಗಿ ಏರಬಹುದು, ಬಾಯಿ ಮುಚ್ಚಿಕೊಂಡೂ ಕೂರಬಹುದು. ಅದು ಏರಿದಾಗ ಒಪ್ಪಿ ಏರುತ್ತದೆ. ಪೆಟ್ಟಿಗೆಯ ದನಿಗೆ ಈ ಬೆಲೆ ಬರಲು ಸಾಧ್ಯವಿಲ್ಲ. ಬೇಡ ಎನ್ನಲು ಬಾರದವರ ಹೂಂ ಎನ್ನುವ ಮಾತಿಗೆ ಏನು ಬೆಲೆ?

ಈಗ ನಮ್ಮ ಊರಿನ ಮಾತಿಗೆ ಬರೋಣ. ನಮ್ಮ ಜನಪದ ಮೇಳಗಳಲ್ಲಿ ಹಿಮ್ಮೇಳ ಬೇರೆ ಬೇರೆ ಸ್ವರಗಳನ್ನು ಒಂದರ ಮೇಲೊಂದು ಪೇರಿಸುವುದಿಲ್ಲ. ಮುಂದಿನವನು ಹಾಡಿದ್ದಕ್ಕೆ ಹಿಂದಿನವರು ಸೊಲ್ಲು ಕೊಡುತ್ತಾರೆ. ಸೊಲ್ಲು ಕೊಡುವವರು ಸುಮ್ಮನೆ ಪ್ರತಿಧ್ವನಿಗಳಲ್ಲ. ಹಾಡುವವನು ಪದ ಮರೆತರೆ ಎತ್ತಿಕೊಡುತ್ತಾರೆ. ಶ್ರುತಿ ಜಾರಿದರೆ ಎಳೆದು ತರುತ್ತಾರೆ. ಕಥೆ ಎಳೆದಾಡಿದರೆ ಹೂಂ, ಮುಂದೆ ಹೇಳು ಅಂತ ಚುಚ್ಚುತ್ತಾರೆ. ಅವನು ಸುಸ್ತಾದರೆ ಹಾಡನ್ನು ಹೊತ್ತುಕೊಂಡು ಅವನಿಗೆ ಒಂದು ಗುಟುಕು ನೀರು ಕುಡಿಯಲು ಬಿಡುವು ಮಾಡಿಕೊಡುತ್ತಾರೆ. ಯಂತ್ರ ಇದರಲ್ಲಿ ಒಂದನ್ನೂ ಮಾಡುವುದಿಲ್ಲ. ಒಂದು ಅಪಸ್ವರ ಹಾಡಿದರೆ ಅದನ್ನು ತಿದ್ದುವ ಬದಲು ನಾಲ್ಕು ಅಪಸ್ವರ ಮಾಡಿ ಸಭೆಗೆ ಬಡಿಸುತ್ತದೆ.

ಹಾಗಾದರೆ ನಮ್ಮ ಹಾಡುಗಾರರು ಈ ಪೆಟ್ಟಿಗೆಯನ್ನು ಮುಟ್ಟಬಾರದೇ? ಹಾಗೆ ನಾವು ಹೇಳುವುದಿಲ್ಲ. ಬಸ್ ಚಾರ್ಜೂ ಗಿಟ್ಟದ ಕಾರ್ಯಕ್ರಮಗಳಿಗೆ ಒಬ್ಬಳೇ ಹೊರಡುವ ಹಾಡುಗಾರ್ತಿಗೆ, ಮೂವರನ್ನು ಕರಕೊಂಡು ಬಾ ಎಂದು ಉಪದೇಶ ಮಾಡುವ ಹಕ್ಕು ಯಾರಿಗಿದೆ? ಅವಳ ಕೈಯಲ್ಲಿ ಅದು ಹೊಟ್ಟೆಪಾಡಿನ ಸಲಕರಣೆ. ಕೊಡುವ ಶಕ್ತಿಯಿದ್ದೂ ಮೂರು ಜನರ ಸಂಬಳ ಉಳಿಸಲು ಪೆಟ್ಟಿಗೆ ತರುವ ತಂಡದ ಯಜಮಾನನ ಕೈಯಲ್ಲಿ ಅದು ಬೇರೆಯೇ. ಪೆಟ್ಟಿಗೆ ಒಂದೇ, ಲೆಕ್ಕ ಎರಡು.

ಬಳಸುವವರಿಗೆ ಕೆಲವು ಮಾತು. ನಮ್ಮ ಹಾಡಿನಲ್ಲಿ ಸ್ವರ ಜಾರುತ್ತದೆ, ತೂಗುತ್ತದೆ. ಪಾಶ್ಚಾತ್ಯ ಸ್ವರಮಾಲೆಗೆ ಕಟ್ಟಿಟ್ಟ ಯಂತ್ರ ಆ ಜಾರನ್ನು ಮೆಟ್ಟಿಲು ಮಾಡಿ ಕುಕ್ಕುತ್ತದೆ. ದನಿ ಹೊಳೆಯಂತೆ ಹರಿಯುವಾಗ ಹಿಮ್ಮೇಳ ಏಣಿ ಇಳಿದಂತೆ ಕೇಳುತ್ತದೆ. ಅಂಥ ಕಡೆ ಅದನ್ನು ನಿಲ್ಲಿಸಿಬಿಡಿ. ಕೆಳಗಿನ ಸ್ಥಾಯಿಯ ಅದೇ ಸ್ವರವನ್ನೋ, ಅಲುಗದ ಷಡ್ಜ ಪಂಚಮವನ್ನೋ ಕೇಳಿದರೆ ಯಂತ್ರ ಅಷ್ಟು ಕೆಡಿಸುವುದಿಲ್ಲ. ಹಾಡಿನ ಉದ್ದಕ್ಕೂ ಅದನ್ನು ಓಡಿಸಬೇಡಿ, ಪಲ್ಲವಿಗೆ ಮಾತ್ರ ಇರಲಿ. ಬರಿಯ ಗಂಟಲು ಕೇಳಿಸಿಕೊಂಡ ಜನಕ್ಕೆ ಮಾತ್ರ ನಾಲ್ಕು ದನಿಯ ತೂಕ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಪೆಟ್ಟಿಗೆಯನ್ನು ಜನಕ್ಕೆ ಕಾಣುವ ಹಾಗೆ ಇಡಿ.

ಶಾಲೆಯಲ್ಲಿ ಹಾಡು ಕಲಿಸುವ ಮೇಷ್ಟ್ರುಗಳು, ಟೀಚರುಗಳು ಮಕ್ಕಳಿಗೆ ಇಂಥ ಹಾಡು ಕೇಳಿಸಿದಾಗ ಎಷ್ಟು ದನಿ ಇದೆ ಎಂದು ಎಣಿಸಲು ಹೇಳುವುದರ ಜೊತೆಗೆ ಎಷ್ಟು ಜನ ಇದ್ದಾರೆ ಎಂದೂ ಕೇಳಬೇಕು. ಈ ಎರಡು ಲೆಕ್ಕ ಬೇರೆ ಬೇರೆ ಅಂತ ತಿಳಿದ ಮಗು, ನಾಳೆ ವೇದಿಕೆ ಹತ್ತಿ ನಾನು ಕೋಟಿ ಜನರ ದನಿ ಎನ್ನುವವನನ್ನೂ ಅದೇ ಕಿವಿಯಿಂದ ಕೇಳುತ್ತದೆ. ಆಂಡರ್ಸನ್ ಹಾಡು, ಹೀಪ್ ಹಾಡು ಉಳಿದಿರುವುದು ಅವರು ಒಂಟಿಯಾಗಿದ್ದನ್ನು ಮುಚ್ಚಿಡಲಿಲ್ಲ ಎಂಬ ಕಾರಣಕ್ಕೆ. 1951ರ ಆ ಹಾಡಿನ ತಟ್ಟೆಯೂ ಉಳಿದಿದೆ. ಆದರೆ ಅದನ್ನು ವೇದಿಕೆಗೆ ತಂದ ಕಥೆಯಲ್ಲಿ ನಮಗೆ ಕೇಳಬೇಕೆನಿಸುವುದು ಜನಕ್ಕೆ ಕಾಣದೆ ನಿಂತು ಹಾಡಿದವಳ ಮಾತು. ಮೂಗು ಸೊರಗುಟ್ಟಬೇಕಾಗಿ ಬಂದಾಗಲೂ ಅವಳ ಸರದಿ ಎರಡನೆಯದು. ಅವಳಿಗೆ ತನ್ನದೇ ಒಂದು ಹಾಡು ಇತ್ತೇ ಅಂತ ಆ ಸಭೆಯಲ್ಲಿ ಯಾರಿಗೂ ಕೇಳಬೇಕು ಅನ್ನಿಸಲು ಅವಕಾಶವೇ ಇರಲಿಲ್ಲ. ಅವಳು ಅಲ್ಲಿದ್ದಾಳೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.